ಕೊರಿಯಾದ ಸೊಸೆ ಆಡದ ಮಾತು

ಅತ್ತೆ ಧಾರವಾಡದಿಂದ ಲೀಡ್ಸ್‌ಗೆ ಬಂದಿಳಿದ ಮೊದಲ ದಿನವೇ ನನ್ನ ಅಡುಗೆಮನೆಯ ಡಬ್ಬಗಳನ್ನೆಲ್ಲ ತೆರೆದು ಮೂಸಿ ನೋಡಿದರು. ಸಾರಿನ ಪುಡಿಯ ಡಬ್ಬಕ್ಕೆ ಬಂದಾಗ, "ಇದೇನವಾ, ಮೈಸೂರಾಗ ಇದಕ್ಕ ಸಾರಿನ ಪುಡಿ ಅಂತಾರೇನು?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾವಿಬ್ಬರೂ ಎಣ್ಣೆ ಸೀಗೆಕಾಯಿ ಆಗುವುದಕ್ಕೆ ಆ ಪುಡಿಯೊಂದೇ ಸಾಕಿತ್ತು. ಆದರೆ ನನ್ನ ಸಿಟ್ಟಿನ ಕಾರಣ ಬೇರೆ. ಆರು ವಾರ ಇದ್ದು ಹೋಗುವಾಗ ಅವರು ನನ್ನ ಎರಡೂವರೆ ವರ್ಷದ ಮಗಳನ್ನು ಜೊತೆಗೆ ಕರೆದೊಯ್ಯುವವರಿದ್ದರು.

ಹಾಗಂತ ನನಗೆ ಹೇಳಿದ್ದು ನನ್ನ ಗಂಡ. "ಅವ್ವ ತುಂಬ ಆಸೆ ಇಟ್ಕೊಂಡು ಕೇಳಿದಾಳೆ. ಎರಡು ವರ್ಷ ಅಲ್ಲಿ ಬೆಳೀಲಿ, ಸ್ಕೂಲಿಗೆ ಸೇರಿಸೋ ಹೊತ್ತಿಗೆ ವಾಪಸ್ ಕರ್ಕೊಂಡು ಬರೋಣ. ನಿನ್ನ ಶಿಫ್ಟಿಗೂ ಅನುಕೂಲ. ಮುಖದ ಮೇಲೆ ಬೇಡ ಅಂದ್ಬಿಡಬೇಡ, ಬಿಪಿ ಇದೆ ಅವಳಿಗೆ. ನಾನು ನಿಧಾನಕ್ಕೆ ಮಾತಾಡ್ತೀನಿ." ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಪಾಳಿಯ ಕೆಲಸ ಮಾಡುತ್ತಿದ್ದೆ, ನಿಜ. ನಮ್ಮ ಪರಿಚಯದ ಎರಡು ಮನೆಯವರು ಮಕ್ಕಳನ್ನು ಊರಿಗೆ ಕಳಿಸಿದ್ದೂ ನಿಜ. ಆದರೆ ನನ್ನ ಮಗಳನ್ನು ಕಳಿಸಲು ನಾನು ಒಪ್ಪಿರಲಿಲ್ಲ. ಒಪ್ಪಿಲ್ಲ ಎಂದು ಕಿರುಚಿಯೂ ಇರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಗಂಡನನ್ನು ನಂಬಿಕೊಂಡು ಕೂತಿದ್ದೆ. ಅವನ ನಿಧಾನ ಮುಗಿಯುವ ಮೊದಲೇ ಮಗುವಿನ ಟಿಕೆಟ್ ಡ್ರಾಯರಿಗೆ ಬಂದು ಕೂತಿತು.

ಕೆಳಗಿನ ಫ್ಲಾಟಿನಲ್ಲಿ ಒಬ್ಬ ಕೊರಿಯಾದ ಹೆಂಗಸಿದ್ದಳು. ಗಂಡ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ. ಅವಳ ಇಂಗ್ಲಿಷ್ ಬಸ್ಸಿಗೆ ಮತ್ತು ಡಾಕ್ಟರಿಗೆ ಸಾಲುವಷ್ಟು, ನನ್ನದು ಲ್ಯಾಬಿಗೂ ಸಾಲುವಷ್ಟು. ಒಂದು ವರ್ಷದಿಂದ ನಾನು ರಜಾದಿನಗಳಲ್ಲಿ ಅವಳ ಮನೆಗೆ ಹೋಗಿ ಅವಳ ದೇಶದ ಧಾರಾವಾಹಿ ನೋಡುತ್ತಿದ್ದೆ. ಹಿರಿಯರಿಗೆ ಎರಡೂ ಕೈಯಲ್ಲಿ ಹಿಡಿದು ಬಡಿಸುವುದು, ಮನೆಗೆ ದೊಡ್ಡವರು ಚಮಚ ಎತ್ತುವವರೆಗೆ ಉಳಿದವರು ಕಾಯುವುದು, ಇವನ್ನೆಲ್ಲ ಅವಳು ನಡುನಡುವೆ ನಿಲ್ಲಿಸಿ ವಿವರಿಸುತ್ತಿದ್ದಳು. ಆ ಪರದೇಶದಲ್ಲಿ ನನಗೆ ಇಷ್ಟವಾಗಿದ್ದ ಕೆಲವೇ ಸಂಗತಿಗಳಲ್ಲಿ ಅದೂ ಒಂದು. ಅತ್ತೆಗೆ ಹೊತ್ತು ಹೋಗಲಿ ಎಂದು ಅವಳೇ ಅಂಥದೊಂದು ಧಾರಾವಾಹಿಯ ಹನ್ನೆರಡು ಡಿಸ್ಕಿನ ಡಬ್ಬ ಕೊಟ್ಟಳು.

ಅದು ತಲೆಮಾರುಗಳಿಂದ ಸೋಯಾ ಸಾಸ್ ಮಾಡುವ ಒಂದು ಮನೆಯ ಕತೆ. ಅಂಗಳದ ತುಂಬ ಕಪ್ಪು ಮಣ್ಣಿನ ಭರಣಿಗಳು. ಯಜಮಾನಿಕೆಯ ಮುದುಕಿ. ಸಿಯೋಲ್‌ನಿಂದ ಮದುವೆಯಾಗಿ ಬಂದ, ಸಣ್ಣ ಗಂಡುಮಗುವಿರುವ ಸೊಸೆ. ಅತ್ತೆಗೆ ಇಂಗ್ಲಿಷ್ ಬಾರದು. ಹಾಗಾಗಿ ಮಗಳು ಮಲಗಿದ ಮೇಲೆ, ಮಧ್ಯಾಹ್ನ ಮೂರಕ್ಕೆ, ನಾನು ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳಬೇಕಿತ್ತು.

ಮೊದಲ ಮೂರು ದಿನ ಪ್ರಾಮಾಣಿಕವಾಗಿಯೇ ಹೇಳಿದೆ. ಅತ್ತೆಗೆ ಕತೆ ಬಹಳ ಹಿಡಿಸಿತು. ಭರಣಿಯ ಮುಚ್ಚಳ ತೆಗೆದಾಗಲೆಲ್ಲ ಮುಂದಕ್ಕೆ ಬಾಗಿ, "ಮ್ಯಾಲ ಬೂಸರು ಬಂದದ, ಬಿಸಲಿಗೆ ಇಡಬೇಕಾಗಿತ್ತು" ಎಂದು ಆ ಮುದುಕಿಗೆ ಬುದ್ಧಿ ಹೇಳುತ್ತಿದ್ದರು. ಜೊತೆಗೆ ನನಗೂ ಒಂದು ಪೆಟ್ಟು. "ನೋಡು, ಅತ್ತಿ ಉಣ್ಣೂತನಕ ಸೊಸಿ ಚಮಚಾ ಮುಟ್ಟಿಲ್ಲ. ಎಲ್ಲಾ ದೇಶದಾಗೂ ಒಂದು ರೀತಿ ಅಂತ ಇರ್ತದವಾ, ನಮ್ಮ ಮನಿ ಬಿಟ್ಟು."

ನಾಲ್ಕನೆಯ ದಿನ ನನ್ನ ತಾಳ್ಮೆ ತಪ್ಪಿತು. ತೆರೆಯ ಮೇಲೆ ಸೊಸೆ ಭರಣಿ ತೊಳೆಯುತ್ತ, ಅತ್ತೆಯಿಂದ ಬೈಸಿಕೊಂಡು, "ಕ್ಷಮಿಸಿ, ಕಲಿಯುತ್ತೇನೆ" ಎಂದಳು. ನಾನು ಹೇಳಿದೆ: "'ನಾನಿರೋ ಮನೇಲಿ ನನಗೇ ಪಾಠ ಹೇಳಬೇಡಿ' ಅಂತಿದಾಳೆ."

ಅತ್ತೆ ನನ್ನ ಕಡೆ ತಿರುಗಿದರು. "ತೆಲಿ ಬಗ್ಗಿಸಿ ಹೇಳಾಕತ್ತಾಳಲ್ಲ?"

"ಅವರ ದೇಶದಲ್ಲಿ ಬೈಯೋವಾಗಲೂ ತಲೆ ಬಗ್ಗಿಸ್ತಾರೆ ಅತ್ತೆ."

ಅಬ್ಬಾ, ಎಂಥ ಸುಖ! ಅಂದಿನಿಂದ ನನ್ನ ನಾಲಿಗೆಗೆ ಲಗಾಮೇ ಇಲ್ಲವಾಯಿತು. ಪಾಪದ ಆ ಸೊಸೆ ಬಾಯಿ ತೆರೆದಾಗಲೆಲ್ಲ ನನ್ನ ವಿಷ ಕಾರಿದಳು. ಅವಳು ನೀರು ಕೇಳಿದರೆ ನಾನು ನ್ಯಾಯ ಕೇಳಿಸಿದೆ. ಅವಳು ಅತ್ತರೆ, "ಮಗು ಕಸ್ಕೊಳ್ಳೋಕೆ ಬಂದಿದೀರಲ್ಲ, ದೇವರು ಮೆಚ್ತಾನಾ ಅಂತ ಕೇಳ್ತಿದಾಳೆ" ಎಂದೆ. ಎಷ್ಟು ಚಂದದ ಕತೆಯನ್ನು ಎಷ್ಟು ಹೊಲಸು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಮೆಟ್ಟಿಲಲ್ಲಿ ಕೆಳಗಿನ ಮನೆಯವಳು ಸಿಕ್ಕು, "ನಿನ್ನ ಅತ್ತೆಗೆ ಹಿಡಿಸಿತಾ?" ಎಂದಾಗ ಮುಖ ಎತ್ತಲಾಗಲಿಲ್ಲ. ಆದರೂ ಬಿಡಲಿಲ್ಲ.

ಅತ್ತೆಯೂ ಸುಮ್ಮನಿರುವ ಪೈಕಿಯಲ್ಲ. ಟಿವಿಯ ಸೊಸೆಗೆ ನೇರವಾಗಿ ಉತ್ತರ ಕೊಡಲು ಶುರುಮಾಡಿದರು. "ಬಾಯಿ ಜೋರದ, ಮಾಯಾ ಇಲ್ಲ. ಹಡೆದ ಕೂಸಿನ ಮ್ಯಾಲ ಮಾಯಾ ಇಲ್ಲದಾಕಿ ಎಂಥಾ ಹೆಂಗಸು!" ಎನ್ನುವರು. ಕಣ್ಣು ಮಾತ್ರ ನನ್ನ ಮೇಲೆ. ನನ್ನ ಮಗುವನ್ನೇ ಎತ್ತಿಕೊಂಡು ಹೋಗುವವರು ನನಗೇ ಮಮತೆಯಿಲ್ಲ ಎನ್ನುತ್ತಾರಲ್ಲ ಎಂದು ಹಲ್ಲು ಕಚ್ಚಿಕೊಂಡೆ. ಸಂಜೆ ಕೆಲಸದಿಂದ ಬಂದ ಗಂಡ ನಾವಿಬ್ಬರೂ ಒಂದೇ ಸೋಫಾದಲ್ಲಿ ಕೂತದ್ದನ್ನು ನೋಡಿ, "ಪರವಾಗಿಲ್ವೇ, ಚೆನ್ನಾಗಿ ಹೊಂದ್ಕೊಂಡ್ಬಿಟ್ರಿ" ಎಂದು ಕಿತ್ತಳೆ ಸುಲಿಯುತ್ತ ನಿಂತ.

ಅತ್ತೆ ಹೊರಡಲು ಐದು ದಿನ ಇರುವಾಗ ಕೊನೆಯ ಡಿಸ್ಕ್ ಹಾಕಿದೆ. ಬಸ್ ನಿಲ್ದಾಣ. ಸೊಸೆ ಮಗನ ಕೈಯನ್ನು ಮುದುಕಿಯ ಕೈಗಿಟ್ಟು, ನಡು ಬಗ್ಗಿಸಿ ನಮಸ್ಕರಿಸಿ, "ಇವನನ್ನು ನೀವು ನೋಡಿಕೊಳ್ಳಿ, ನಾನು ದುಡಿದು ಬರುತ್ತೇನೆ" ಎಂದಳು. ಆದರೂ ಹೇಳಿದೆ: "'ನನ್ನ ಮಗನ್ನ ನಾನು ಯಾರಿಗೂ ಕೊಡಲ್ಲ. ಯಾರು ಕೇಳಿದ್ರೂ ಕೊಡಲ್ಲ' ಅಂತಿದಾಳೆ."

ಬಸ್ಸು ಹೊರಟಿತು. ಮಗು ಅಜ್ಜಿಯ ಸೊಂಟದಲ್ಲಿ ಉಳಿಯಿತು.

ಅತ್ತೆ ಎದ್ದು ಹೋಗಿ ಟಿವಿ ಆರಿಸಿದರು. "ಕೊಡಂಗಿಲ್ಲ ಅಂದಾಕಿ ಕೊಟ್ಟು ಬಸ್ ಹತ್ತಿದ್ಲಲ್ಲ? ನಂಗ ಇಂಗ್ಲಿಷ್ ಬರಂಗಿಲ್ಲವಾ, ಕಣ್ಣು ಕಾಣ್ತಾವ. ಯಾರ ಮಾತದು?"

ಇನ್ನು ಮುಚ್ಚಿಡುವುದಕ್ಕೇನಿದೆ? "ನಂದು" ಎಂದೆ. "ನನ್ನ ಮಗಳನ್ನ ನಾನು ಕಳಿಸಲ್ಲ. ನಿಮಗೆ ಬಿಪಿ ಏರಲಿ, ಏನಾದ್ರೂ ಆಗಲಿ, ಕಳಿಸಲ್ಲ."

"ಮತ್ತ ಟಿಕೀಟು ಯಾಕ ತಗಿಸಿದಿ?"

"ನಾನೆಲ್ಲಿ ತೆಗೆಸಿದೆ? ನೀವು ಮಗು ಬೇಕು ಅಂತ ಹಟ ಹಿಡಿದಿರಿ, ನಿಮ್ಮ ಮಗ ತೆಗೆಸಿದ್ರು."

"ನಾ ಹಟ ಹಿಡಿದೆ?" ಅವರು ಟಿವಿಯ ಪಕ್ಕದಲ್ಲೇ ಕುರ್ಚಿ ಹಿಡಿದು ಕೂತರು. ದನಿ ಏರಿತು. "ಅಂವಾ ಫೋನಿನಾಗ ಏನಂದಾ ಗೊತ್ತದೇನು? 'ಆಕಿಗೆ ಕೂಸು ಭಾರ ಆಗ್ಯಾದವ್ವಾ, ಊರಿಗೆ ಒಯ್ಯಿ ಅಂತ ಆಕೀನ ಹೇಳ್ತಾಳ. ಆಕಿ ಮುಂದ ಈ ಮಾತು ತಗೀಬ್ಯಾಡ, ನಾಚಿಕಿ ಪಡ್ತಾಳ' ಅಂದಾ. ಹಡೆದಾಕಿಗೇ ಬ್ಯಾಡಾದ ಕೂಸು ಅಂತ ನಾ ಈ ಥಂಡಿಯಾಗ ಓಡಿ ಬಂದೀನಿ. ಬಂದಾಗಿಂದ ನಿನ್ನ ಮಾರಿ ನೋಡಿದ್ರ ನಂಗ ಸಿಟ್ಟು ನೆತ್ತಿಗೇರತಿತ್ತು."

ಒಂದೇ ಗಂಡಸು, ಇಬ್ಬರು ಹೆಂಗಸರು, ಎರಡು ಸುಳ್ಳು. ಇಬ್ಬರ ಬಾಯಿಗೂ ಬೀಗ ಹಾಕಿ, ಬೀಗದ ಕೈ ತನ್ನ ಜೇಬಿಗೆ ಹಾಕಿಕೊಂಡಿದ್ದ. ಎರಡು ಸಂಬಳ, ಹೊಸ ಮನೆ, ಅದರ ಸಾಲ ಎಂದು ಅವನ ತಲೆಯಲ್ಲಿ ಏನೇನು ಓಡುತ್ತಿತ್ತೋ. ನಾನಾದರೂ ಅಷ್ಟು ದಿನ ಒಮ್ಮೆ ಬಾಯಿಬಿಟ್ಟು ಅತ್ತೆಯನ್ನು ಕೇಳಬಹುದಿತ್ತು. ಕೇಳದೆ, ಯಾವಳೋ ನಟಿಯ ಬಾಯಲ್ಲಿ ಬೈದು ಖುಷಿಪಟ್ಟೆ. ಅದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಇಷ್ಟಾಯಿತೆಂದು ನಾವಿಬ್ಬರು ಒಂದಾಗಿಬಿಟ್ಟೆವು ಅಂದುಕೊಳ್ಳಬೇಡಿ. ಅತ್ತೆ ನನ್ನತ್ತ ಬೆರಳು ತೋರಿಸಿ ಹೇಳಿದರು: "ಓಣಿ ತುಂಬ ಹೇಳಿ ಬಂದೀನಿ, ಮೊಮ್ಮಗಳನ್ನ ಕರಕೊಂಡು ಬರ್ತೀನಂತ. ಸಣ್ಣದೊಂದು ಮಂಚ ಮಾಡಿಸೀನಿ. ನಂಗೂ ಬ್ಯಾಡಾಗಿತ್ತು ಅಂತ ತಿಳಕೋಬ್ಯಾಡ. ಬೇಕಾಗಿತ್ತು. ಭಾಳ ಬೇಕಾಗಿತ್ತು. ಆದ್ರ ತಾಯಿ ಮಡಲಾಗಿಂದ ಕಸಗೊಂಡು ಒಯ್ಯಾಕಿ ನಾ ಅಲ್ಲ." ಸಮಾಧಾನ ಹೇಳುವ ಮನಸ್ಸು ನನಗೆ ಅಷ್ಟಾಗಿ ಇರಲಿಲ್ಲ.

ಗಲಾಟೆಗೆ ಮಗಳು ಎದ್ದು ಬಂದಳು. ಕಣ್ಣುಜ್ಜಿಕೊಳ್ಳುತ್ತ, ನನ್ನನ್ನು ದಾಟಿಕೊಂಡು, ನೇರ ಅಜ್ಜಿಯ ತೊಡೆಗೆ ಹೋದಳು. ಐದು ವಾರದ ಅಭ್ಯಾಸ. ಅಷ್ಟೆಲ್ಲ ತಿಳಿದ ಮೇಲೂ ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು.

ಆರು ಗಂಟೆಗೆ ಗಂಡ ಬಂದ. ಕೋಟು ತೂಗುಹಾಕುತ್ತ, "ಏನು, ಕತೆ ಮುಗೀತಾ?" ಎಂದ. ಅವನು ನನ್ನ ಮುಖ ನೋಡಿದ, ತಾಯಿಯ ಮುಖ ನೋಡಿದ, ಮತ್ತೆ ಕೋಟಿನ ಕಡೆ ನೋಡಿದ.

"ಕೂಡು" ಎಂದರು ಅತ್ತೆ ಅವನಿಗೆ. ಆಮೇಲೆ ನನಗೆ: "ನೀ ಕೇಳ್ತೀಯೋ, ನಾ ಕೇಳ್ಲೋ?"

"ನಾನೇ ಕೇಳ್ತೀನಿ."

ಅವರು ಎದ್ದರು. ಕೊರಳು ಬಿಡಲೊಲ್ಲದ ಮೊಮ್ಮಗಳ ಕೈ ಬಿಡಿಸಿ, ತಂದು ನನ್ನ ತೊಡೆಯ ಮೇಲೆ ಕೂರಿಸಿದರು.

"ಹಿಡಿ" ಎಂದರು. "ಈಗ ಕೇಳು."