ಮುಂಗೈ ಅಳತೆಯ ಕುಣಿಕೆ

ನಾನು ಪಶುವೈದ್ಯೆಯಾಗಿದ್ದ ಪ್ರಾಣಿ ಆಶ್ರಯದಲ್ಲಿ ಅವನನ್ನು ಎಲ್ಲರೂ ಕುಣಿಕೆಯಣ್ಣ ಎನ್ನುತ್ತಿದ್ದರು. ಆಶ್ರಯದ ವ್ಯಾನಿನಲ್ಲಿ ಹೋಗಿ, ಬೋನಿಗೆ ಬಿದ್ದ ನಾಯಿ, ನರಿಗಳನ್ನು ಕೋಲಿನ ತುದಿಯ ಕುಣಿಕೆಯಲ್ಲಿ ಹಿಡಿದು ಹೊರಗೆ ತರುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದ. ಅವನ ಮೈಮೇಲೆ ಕಚ್ಚಿದ ಗುರುತು ಒಂದೇ ಒಂದಿತ್ತು. ಅದೂ ಪಕ್ಕದ ಮನೆಯ ಬೆಕ್ಕಿನದು.

ಅಂಗಡಿಯ ಕೋಲುಗಳು ಅವನಿಗೆ ಹಿಡಿಸುತ್ತಿರಲಿಲ್ಲ. ದೂಳು ಕೂತರೆ ಕುಣಿಕೆ ಸಡಿಲಿಸುವ ಅವುಗಳ ಗುಂಡಿ ಸಿಕ್ಕಿಕೊಂಡು, ಬಿಡಬೇಕಾದಾಗ ಬಿಡುತ್ತಿರಲಿಲ್ಲ. ಹಾಗಾಗಿ ತನ್ನ ಕೋಲನ್ನು ತಾನೇ ಮಾಡಿಕೊಳ್ಳುತ್ತಿದ್ದ. ಐದಡಿಯ ಅಲ್ಯೂಮಿನಿಯಂ ಪೈಪು, ಒಳಗೆ ಪ್ಲಾಸ್ಟಿಕ್ ಹೊದಿಕೆಯ ಕೇಬಲ್, ತುದಿಯಲ್ಲಿ ಕುಣಿಕೆ. ಕುಣಿಕೆಯ ಮೇಲೆ ಒಂದು ಕಡೆ ತಾಮ್ರದ ಚಿಕ್ಕ ಉಂಗುರವನ್ನು ಜಜ್ಜಿ ಕೂರಿಸುತ್ತಿದ್ದ. ಅದು ಪೈಪಿನ ಬಾಯಿಗೆ ತಾಗಿದ ಮೇಲೆ ಎಷ್ಟು ಎಳೆದರೂ ಕುಣಿಕೆ ಮತ್ತೆ ಬಿಗಿಯಾಗದು. ಪ್ರಾಣಿಯ ಜೀವ ಉಳಿಯುವುದು ಆ ಉಂಗುರದಿಂದ. ಅದರ ಜಾಗ ಗೊತ್ತುಮಾಡಲು ಅವನು ಟೇಪು ಹಿಡಿಯುತ್ತಿರಲಿಲ್ಲ. ತನ್ನ ಎಡಗೈಯನ್ನೇ ಕುಣಿಕೆಯೊಳಗೆ ತೂರಿಸಿ, ಮೊಣಕೈಗಿಂತ ತುಸು ಕೆಳಗೆ, ಎರಡು ಬೆರಳು ಹೋಗುವಷ್ಟು ಬಿಟ್ಟು ಬಿಗಿದು ಗುರುತು ಹಾಕುತ್ತಿದ್ದ.

ಅಳತೆಗೊಂದು ಮರದ ಗೂಟ ಮಾಡಿಸಿಕೋ ಎಂದಿದ್ದೆ.

“ಗೂಟಕ್ಕೆ ನೋವಾಗಲ್ಲ ಡಾಕ್ಟ್ರಮ್ಮ. ಬಿಗಿಯಾಯ್ತು ಅಂತ ಅದು ಹೇಳಲ್ಲ” ಎಂದ. ಮಾತು ಸರಿಯಾಗಿತ್ತು.

ಅವನ ಹೆಂಡತಿ ಎಂಟು ತಿಂಗಳು ಹಾಸಿಗೆ ಹಿಡಿದು ತೀರಿಕೊಂಡಳು. ನಾಲ್ಕನೆಯ ದಿನ ಅವನು ಕೆಲಸಕ್ಕೆ ಬಂದ. ಅಪ್ಪ ಅಳುವುದೂ ಇಲ್ಲ, ಮಾತಾಡುವುದೂ ಇಲ್ಲ, ತಟ್ಟೆಯ ಮುಂದೆ ಕೂತು ಹಾಗೇ ಎದ್ದುಬಿಡುತ್ತಾರೆ ಎಂದು ಮಗಳು ನನಗೆ ಫೋನ್ ಮಾಡಿದಳು. ಕೆಲಸಕ್ಕೆ ಸರಿಯಾಗಿ ಬರುತ್ತಿದ್ದಾನೆ ಎಂದು ಹೇಳಿ ಇಟ್ಟೆ. ಆ ತಿಂಗಳೇ ಹಳೆಯ ಕೋಲುಗಳ ಕೇಬಲ್ ಸವೆದಿದೆಯೆಂದು ಅವನು ಮೂರು ಹೊಸ ಕೋಲು ಮಾಡಿದ.

ಮುಂದಿನ ಎರಡು ವಾರಗಳಲ್ಲಿ ಎರಡು ನಾಯಿಗಳು ಕುತ್ತಿಗೆ ಊದಿಕೊಂಡು ನನ್ನ ಮೇಜಿಗೆ ಬಂದವು. ಮೂರನೆಯದು ಬಡಕಲು ಹೆಣ್ಣುನಾಯಿ, ಬರುವಷ್ಟರಲ್ಲಿ ಸತ್ತಿತ್ತು.

“ಎಳೆಯೋದು ನೆನಪಿದೆ, ಬಿಡೋದು ಮರೆತಿದೆ ಅಣ್ಣನಿಗೆ” ಎಂದ ವ್ಯಾನಿನ ಡ್ರೈವರ್, ಎಲ್ಲರೆದುರಿಗೆ. “ನಾಳೆ ನಾನೂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡೇ ಬರ್ತೀನಿ.”

ಯಾರೂ ನಗಲಿಲ್ಲ. ಹಿಡಿದ ಮೇಲೆ ಕೈ ಸಡಿಲಿಸಿದೆಯಾ ಎಂದು ವ್ಯವಸ್ಥಾಪಕರು ಕುಣಿಕೆಯಣ್ಣನನ್ನು ಕೇಳಿದರು. ನೆನಪಿಲ್ಲ ಎಂದ. ತಪ್ಪು ಅವನ ಕೈಯದೆಂದಾದರೆ ಇನ್ನೆಂದೂ ಕೋಲು ಮುಟ್ಟುವಂತಿಲ್ಲ, ಬೋನು ತೊಳೆದುಕೊಂಡಿರಲಿ ಎಂದರು. ಅವನು ಅದಕ್ಕೂ ತಲೆಯಾಡಿಸಿದ. ಬೇರೆ ಯಾವ ಕೆಲಸವೂ ಅವನಿಗೆ ಬರುತ್ತಿರಲಿಲ್ಲ.

ಸಂಜೆ ನಾನು ಹೊಸ ಕೋಲೊಂದನ್ನೂ ಹಳೆಯದೊಂದನ್ನೂ ಪಕ್ಕಪಕ್ಕದಲ್ಲಿಟ್ಟು ಕುಣಿಕೆಗಳನ್ನು ಕೊನೆಯವರೆಗೆ ಎಳೆದೆ. ಹೊಸದರ ಸುತ್ತಳತೆ ಹಳೆಯದಕ್ಕಿಂತ ಮೂರು ಬೆರಳಷ್ಟು ಕಡಿಮೆ. ಅವನನ್ನು ಕರೆದೆ.

“ಇದನ್ನ ಯಾವುದರಿಂದ ಅಳೆದೆ?”

“ಇದೇ ಕೈ. ಬೇರೆ ಎಲ್ಲಿಂದ ತರಲಿ?”

“ಹಳೇದರಲ್ಲಿ ಹಾಕಪ್ಪ ನೋಡೋಣ.”

ಹಾಕಿದ. ಕುಣಿಕೆ ಮುಂಗೈಯ ಸುತ್ತ ದೊಗಳೆಯಾಗಿ ನೇತಾಡಿತು. ಕೈಯನ್ನು ಮೇಲೆ ಕೆಳಗೆ ಆಡಿಸಿ, ಯಾರದೋ ಕೈ ನೋಡುವಂತೆ ನೋಡಿದ. ನಾಯಿಗಳನ್ನು ತೂಗುವ ಹಲಗೆಯ ಮೇಲೆ ಅವನನ್ನು ನಿಲ್ಲಿಸಿದೆ. ಅವನ ಹಿಂದಿನ ವರ್ಷದ ಆರೋಗ್ಯ ತಪಾಸಣೆಯ ಚೀಟಿಯಲ್ಲಿದ್ದ ತೂಕಕ್ಕಿಂತ ಹದಿಮೂರು ಕಿಲೊ ಇಳಿದಿದ್ದ. ಅವನನ್ನು ದಿನಾ ನೋಡುತ್ತಿದ್ದ ನನಗೂ ಅದು ಕಂಡಿರಲಿಲ್ಲ.

ತಪ್ಪು ಹಿಡಿದವನದಲ್ಲ, ಕೋಲಿನದು ಎಂದು ವರದಿ ಬರೆದೆ. ವ್ಯವಸ್ಥಾಪಕರು ಒಪ್ಪಿದರು. ಅವನು ಮಾತ್ರ ಒಪ್ಪಲಿಲ್ಲ.

“ಕೋಲು ಮಾಡಿದ್ದೂ ಇದೇ ಕೈ ತಾನೆ?” ಎಂದ.

ಮೂರೂ ಹೊಸ ಕೋಲುಗಳ ಕೇಬಲನ್ನು ತಾನೇ ಕತ್ತರಿಸಿ ಹಾಕಿದ. ಹಳೆಯದೊಂದನ್ನು ಉಗ್ರಾಣದ ಮೊಳೆಗೆ ತೂಗುಹಾಕಿ, ಪೊರಕೆ ಹಿಡಿದು ಬೋನು ತೊಳೆಯಲು ಹೋದ. ಡ್ರೈವರ್ ಬೇರೊಬ್ಬನನ್ನು ಕರೆದುಕೊಂಡು ಹೋಗತೊಡಗಿದ. ಆತ ತಿಂಗಳಲ್ಲಿ ಎರಡು ಸಲ ಕಚ್ಚಿಸಿಕೊಂಡ.

ಮಧ್ಯಾಹ್ನ ಕುಣಿಕೆಯಣ್ಣ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚುತ್ತಿದ್ದ. ಅವನಿಗೆ ರುಚಿ ಹತ್ತಿದಂತೆ ಕಾಣಲಿಲ್ಲ. ಮಾತ್ರೆ ನುಂಗುವಂತೆ ನುಂಗಿ ಡಬ್ಬಿ ಖಾಲಿ ಮಾಡುತ್ತಿದ್ದ. ಶನಿವಾರ ಉಗ್ರಾಣಕ್ಕೆ ಹೋಗಿ ಹಳೆಯ ಕುಣಿಕೆಯೊಳಗೆ ಕೈ ಹಾಕಿ ನೋಡಿ, ಕೋಲನ್ನು ಮತ್ತೆ ಮೊಳೆಗೆ ಸಿಕ್ಕಿಸಿ ಬರುತ್ತಿದ್ದ. ಹೀಗೆ ಏಳು ತಿಂಗಳು.

ಒಂದು ಶನಿವಾರ ಕೋಲಿನ ಸಮೇತ ನನ್ನ ಕೋಣೆಗೆ ಬಂದ. ಕುಣಿಕೆ ಮೊಣಕೈಯ ಕೆಳಗೆ ಕೂತಿತ್ತು. ನಾನು ಎರಡು ಬೆರಳು ತೂರಿಸಿದೆ. ಮೂರನೆಯದಕ್ಕೆ ಜಾಗವಿರಲಿಲ್ಲ.

“ಬಿಗಿಯಾಯ್ತಾ?” ಎಂದು ಕೇಳಿದೆ.

“ಗೊತ್ತಾಗ್ತಿದೆ” ಎಂದ.

ಸೋಮವಾರ, ಆ ಕೈಯಲ್ಲೇ ಅಳೆದು ಮಾಡಿದ ಹೊಸ ಕೋಲು ಹಿಡಿದು ವ್ಯಾನು ಹತ್ತಿದ. ಹೆಂಡತಿಯ ಮಾತನ್ನು ಅವನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.