ಕಳ್ಳ ಬೆರಳು

ನೆನೆದ ಜೊಂಡಿನ ವಾಸನೆ ಮೂಗಿಗೆ ಬಂದರೆ ಸಾಕು, ಕೈಲಾಂಚದ ನಮ್ಮ ಹಳೆಯ ಮನೆಯ ಜಗುಲಿ ಕಣ್ಣ ಮುಂದೆ ಬರುತ್ತದೆ. ಅಲ್ಲಿ ತಾತ ಕಾಲು ಚಾಚಿ ಕೂತು, ನಾಗಸ್ವರದ ತುದಿಗೆ ಸಿಕ್ಕಿಸುವ ಜೊಂಡಿನ ಸೀವಾಳಿಯನ್ನು ಬಾಯಲ್ಲಿಟ್ಟು ಮೆತ್ತಗೆ ಮಾಡುತ್ತಿದ್ದ. ಸುತ್ತಲಿನ ಮದುವೆಗಳಿಗೆಲ್ಲ ನಮ್ಮ ಮನೆಯದೇ ವಾಲಗ. ತಾಳಿಯ ಮೂರನೆಯ ಗಂಟು ಬೀಳುವವರೆಗೆ ಮೇಲಿನ ಷಡ್ಜ, ಆ ಎತ್ತರದ ಸ್ವರ, ಒಡೆಯಬಾರದು ಎಂಬುದು ನಮ್ಮವರ ಕಟ್ಟುಪಾಡು. ಒಡೆದರೆ ಅಪಶಕುನ, ಜೊತೆಗೆ ಊರವರ ಬಾಯಿ ಬೇರೆ. ಆ ಮನೆ ಈಗಿಲ್ಲ. ಅಲ್ಲಿ ಯಾವುದೋ ಕಂಪನಿಯ ಗೋಡೌನು ನಿಂತಿದೆ.

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದ ವರ್ಷಗಳವು. "ವಾಲಗ ನೆಚ್ಕಂಡ್ರೆ ಹೊಟ್ಟೆ ತುಂಬ್ತದಾ? ಕಂಪ್ನಿ ಸೇರ್ಕೊ ಹೋಗ್ಲಾ" ಎಂದು ಅಪ್ಪನನ್ನು ಅಟ್ಟಿದವನು ತಾತನೇ. ಅಲ್ಲಿನ ಪ್ರೆಸ್ ಮೆಷಿನ್ನು ಅಪ್ಪನ ಎಡಗೈ ನಡುಬೆರಳಿನ ತುದಿಯನ್ನು ತಿಂದುಹಾಕಿತು. ಮತ್ತೆ ನಾಗಸ್ವರ ಹಿಡಿದಾಗ ತೂತು ಸರಿಯಾಗಿ ಮುಚ್ಚದೆ ಮೇಲಿನ ಷಡ್ಜ ಕೀಚಲಾಯಿತು. ಅಪ್ಪ ಬಿಡಲಿಲ್ಲ. ಹಿಪ್ಪುನೇರಳೆ ಸಾಲಿನ ನಡುವೆ ಕೂತು, ಉಂಗುರದ ಬೆರಳನ್ನು ಮೇಲಕ್ಕೆಳೆದು, ಕೆಳಗಿನ ತೂತನ್ನು ಅರೆಬರೆ ತೆರೆದು, ತುಟಿ ಬಿಗಿದು, ಬೇರೆಯದೇ ದಾರಿಯಲ್ಲಿ ಆ ಸ್ವರ ಮುಟ್ಟುವುದನ್ನು ಕಂಡುಕೊಂಡ. ನನ್ನ ಕಿವಿಗೆ ಎರಡೂ ಒಂದೇ. ತಾತ ಮಾತ್ರ ಒಪ್ಪಲಿಲ್ಲ. "ಇದು ಕಳ್ಳ ಬೆರಳು ಕಣ್ಲಾ. ನಮ್ಮಪ್ಪ ಹಿಂಗೆ ಊದ್ನಿಲ್ಲ, ನೀನೂ ಊದ್ಕೂಡ್ದು" ಎಂದವನೇ ಅಪ್ಪನನ್ನು ತನ್ನ ಹಿಂದೆ ಕೂರಿಸಿ ಕೆಳಗಿನ ಸ್ವರಗಳಿಗಷ್ಟೇ ಬಿಟ್ಟ.

ಕೆಂಗಲ್ ಹತ್ತಿರದ ಛತ್ರವೊಂದರಲ್ಲಿ ಮದುವೆ. ಗಟ್ಟಿಮೇಳ ಶುರುವಾಗಿ, ಎರಡನೆಯ ಗಂಟಿಗೇ ತಾತನ ಉಸಿರು ಸೋತಿತು. ಸ್ವರ ಒಡೆಯುವ ಮೊದಲೇ ಹಿಂದಿನಿಂದ ಅಪ್ಪ ಅದನ್ನು ಎತ್ತಿಕೊಂಡ, ಅದೇ ಕಳ್ಳ ಬೆರಳಿನಲ್ಲಿ. ಮೂರನೆಯ ಗಂಟು ಬಿದ್ದು ಅಕ್ಷತೆ ಉದುರುವವರೆಗೂ ಕದಲದೆ ಹಿಡಿದ. ಊಟದ ಹೊತ್ತಿಗೆ ಹೆಣ್ಣಿನ ತಂದೆ ಬಂದು ತಾತನಿಗೆ ಶಾಲು ಹೊದಿಸಿ, "ಈ ವಯಸ್ನಲ್ಲೂ ಏನ್ ಉಸ್ರು ಯಜಮಾನ್ರೆ ನಿಮ್ದು!" ಎಂದರು. ತಾತ ಕೈ ಮುಗಿದ. ಅಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ಅಂದು ನಾಗಸ್ವರವನ್ನು ಚೀಲಕ್ಕೆ ತುರುಕಿದ ಅಪ್ಪ ಅದನ್ನು ಮತ್ತೆ ಹೊರತೆಗೆಯಲಿಲ್ಲ.

ತಾತ ಸತ್ತು ವರ್ಷಗಳಾದವು. ಆ ಮುಗಿದ ಕೈಗಳನ್ನು ನಾನಿನ್ನೂ ಕ್ಷಮಿಸಿಲ್ಲ. ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದೊಂದು ಶಾಲು ಇದ್ದೀತು. ನನ್ನ ಮದುವೆಯಲ್ಲಿ ವಾಲಗ ಸ್ಪೀಕರಿನಿಂದ ಬಂತು. ತಲೆ ತಗ್ಗಿಸಿ ಕೂತಿದ್ದ ನನಗೆ ಪಕ್ಕದಲ್ಲಿ ನಿಂತ ಅಪ್ಪನ ಕೈಗಳಷ್ಟೇ ಕಾಣುತ್ತಿದ್ದವು. ಮಡಿಸಿ ಹಿಡಿದ ಟವೆಲಿನ ಮೇಲೆ ಉಂಗುರದ ಬೆರಳು ಮೇಲಕ್ಕೆ ಸರಿದು ಒತ್ತಿಕೊಂಡಿತ್ತು. ಮೂರನೆಯ ಗಂಟು ಬಿದ್ದ ಮೇಲೆಯೇ ಅದು ಸಡಿಲವಾಯಿತು.