ಭಾವನ ಸೆಟ್ಟಿನ ಎರಡು ವಾಲ್ವು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಪೆನ್ನು ಸರಿಯಿಲ್ಲ ಅಂದುಕೊಂಡೆ. ಇನ್ನೊಮ್ಮೆ ಕನ್ನಡಕ ಬದಲಿಸಿದ ಮೇಲೆ ಬರೆಯೋಣ ಅಂದುಕೊಂಡೆ. ಹೋದ ವರ್ಷ ಎರಡು ಪುಟ ಬರೆದೂ ಇದ್ದೆ. ಓದಿ ನೋಡಿದರೆ ಅದರಲ್ಲಿ ನನ್ನ ತಪ್ಪಿಗಿಂತ ನನ್ನ ಕಷ್ಟಗಳೇ ಹೆಚ್ಚಾಗಿದ್ದವು. ನೀರೊಲೆಗೆ ಹಾಕಿದೆ. ಈಗ ವಯಸ್ಸು ಎಪ್ಪತ್ತು ದಾಟಿದೆ, ಇನ್ನು ಮುಂದಕ್ಕೆ ಹಾಕುವಂತಿಲ್ಲ.

ನಮ್ಮದು ಕುರಿ ಕಾಯುವ ಮನೆತನ. ಹೈಸ್ಕೂಲು ಮುಗಿಸಿ ರೇಡಿಯೊ ರಿಪೇರಿ ಕಲಿತು, ಮನೆಯಲ್ಲಿ ಕುರಿ ಬಿಟ್ಟ ಮೊದಲಿಗ ನಾನೇ. ಹೊಳಲ್ಕೆರೆಯಲ್ಲಿ ಬಹಳ ವರ್ಷ ಅಂಗಡಿ ಇಟ್ಟಿದ್ದೆ. ರೇಡಿಯೊ ಕೇಳುವವರು ಕಮ್ಮಿಯಾದ ಮೇಲೆ ಅದನ್ನು ಮುಚ್ಚಿ ಚಿತ್ರದುರ್ಗಕ್ಕೆ ಬಂದು ನೆಲೆಸಿದೆ. ನಮ್ಮವರ ನಡುವೆ ಕೂತಾಗ ನಾನು ಅವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ ಎಂಬ ಜಂಬ ನನಗೆ ಒಳಗೊಳಗೇ ಇತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಹುಟ್ಟಿದ್ದು ಅದರಿಂದಲೇ.

ಅಂಗಡಿ ಇದ್ದ ಕಾಲದಲ್ಲಿ ಒಂದು ಟೂರಿಂಗ್ ಟಾಕೀಸಿನವರು ಡೇರೆ ಕಿತ್ತು ಹೊರಟಾಗ ಅವರ ಹಳೆಯ ಸಾಮಾನು ನನ್ನ ಪಾಲಿಗೆ ಬಂತು. ಅದರಲ್ಲಿ ಒಂದು ಪೆಟ್ಟಿಗೆ ವಾಲ್ವುಗಳಿದ್ದವು. ವಾಲ್ವು ಅಂದರೆ ಬೆರಳುದ್ದದ ಗಾಜಿನ ಬುರುಡೆ. ಒಳಗಿನ ತಂತಿ ಕೆಂಪಗೆ ಕಾದ ಮೇಲೆಯೇ ದನಿ ಬರುವುದು. ಸ್ವಿಚ್ ಹಾಕಿ ಅರ್ಧ ನಿಮಿಷ ಕಾಯಬೇಕು. ಬಂದ ದನಿಗೆ ಮಾತ್ರ ಮನುಷ್ಯನ ಗಂಟಲಿನ ಬಿಸಿ ಇರುತ್ತದೆ. ಆ ಸಾಮಾನಿನಿಂದ ಒಂದೇ ಥರದ ಎರಡು ಆಂಪ್ಲಿಫೈಯರ್ ಕಟ್ಟಿದೆ. ಒಂದನ್ನು ನಾನಿಟ್ಟುಕೊಂಡೆ. ಇನ್ನೊಂದನ್ನು ಹೊಸದುರ್ಗದ ಹತ್ತಿರದ ಹಳ್ಳಿಯಲ್ಲಿದ್ದ ಅಕ್ಕನ ಮನೆಗೆ ಕೊಟ್ಟೆ. ಕ್ಯಾಸೆಟ್ ಪ್ಲೇಯರು, ಸ್ಪೀಕರು ಎಲ್ಲ ಸೇರಿಸಿ ನಾವು ಅದನ್ನು ಸೆಟ್ಟು ಅನ್ನುತ್ತಿದ್ದೆವು.

ಅಕ್ಕನ ಗಂಡ, ಅಂದರೆ ನನ್ನ ಭಾವ, ಓದಿದವರಲ್ಲ. ಕುರಿ ಬಿಟ್ಟರೆ ಬೇರೆ ಕಸುಬು ಗೊತ್ತಿರಲಿಲ್ಲ. ಆದರೆ ಅವರ ಕಿವಿ ಸುತ್ತಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ನಮ್ಮ ಕಡೆ ಮಂದೆಯ ನಾಲ್ಕಾರು ಕುರಿಗಳ ಕೊರಳಿಗೆ ಗಂಟೆ ಕಟ್ಟುತ್ತಾರೆ. ಬಯಲಿನಲ್ಲಿ ಎರಡು ಮಂದೆ ಬೆರೆತುಹೋದರೆ ಗಂಟೆಯ ದನಿ ಹಿಡಿದೇ ಬೇರ್ಪಡಿಸಬೇಕು. ಆದ್ದರಿಂದ ಒಬ್ಬರ ಮಂದೆಯ ದನಿ ಇನ್ನೊಬ್ಬರದಕ್ಕೆ ಹೋಲಬಾರದು. ಹೊಸದುರ್ಗದ ಸಂತೆಯಲ್ಲಿ ಗಂಟೆ ಕೊಳ್ಳುವಾಗ ಜನ ಭಾವನನ್ನೇ ಕರೆದುಕೊಂಡು ಹೋಗುತ್ತಿದ್ದರು. ಅವರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದನ್ನೇ ಉಗುರಿನಿಂದ ತಟ್ಟಿ, "ಇದು ಬ್ಯಾಡ, ಕೆರೆ ಆಚೆಯೋರದೂ ಹಿಂಗೇ ಐತೆ. ಇದು ತಗಳ್ರಿ" ಅನ್ನುವರು. ಆ ಮಾತಿನ ಮೇಲೆ ಯಾರೂ ಮಾತಾಡುತ್ತಿರಲಿಲ್ಲ.

ಭಾವ ಒಂದು ವರ್ಷ, ಮಂದೆ ಸಂಜೆ ಮನೆಗೆ ಬರುವ ಸದ್ದನ್ನು ನನ್ನ ಟೇಪ್‌ರೆಕಾರ್ಡರಿನಲ್ಲಿ ಹಿಡಿಸಿಕೊಂಡಿದ್ದರು. ಗೊರಸಿನ ಸದ್ದು, ಮರಿಗಳ ಕೂಗು, ಆರು ಗಂಟೆಗಳ ದನಿ. ಬೇರೆ ಹಾಡಿನ ಕ್ಯಾಸೆಟ್ಟು ಎಷ್ಟಿದ್ದರೂ ಅವರು ಹೆಚ್ಚಾಗಿ ಕೇಳುತ್ತಿದ್ದದ್ದು ಅದೇ. ನಾನು ಹೋದಾಗಲೆಲ್ಲ ಸೆಟ್ಟು ಹಾಕಿ, "ಈಗ ಟಗರು ಬಂತು, ಇದು ಕರೀದು, ಈಗ ನೋಡು ಕಡೇಗೆ ಕುಂಟಿ ಬರ್ತಾಳೆ" ಎಂದು ಹೇಳುತ್ತ ಹೋಗುವರು. ಕುಂಟಿ ಎಂಬ ಆ ಹೆಣ್ಣುಕುರಿ ಯಾವಾಗಲೂ ಹಿಂದುಳಿಯುತ್ತಿತ್ತಂತೆ. ಅದರ ಕೊರಳಿಗೆ ಎಲ್ಲಕ್ಕಿಂತ ಸಣ್ಣ ಗಂಟೆ. ಅಷ್ಟು ಗದ್ದಲದ ನಡುವೆ ಸಾಸಿವೆ ಸಿಡಿದ ಹಾಗೆ ಅದೊಂದು ಕೇಳುತ್ತಿತ್ತು.

ನನ್ನ ಸೆಟ್ಟು ದಿನಾ ಉರಿಯುತ್ತಿತ್ತು. ವಾಲ್ವು ಬಲ್ಬಿನ ಹಾಗೆ ಒಮ್ಮೆಗೇ ಹೋಗುವುದಿಲ್ಲ, ವರ್ಷ ವರ್ಷ ಸೋಲುತ್ತ ಬರುತ್ತದೆ. ಭಾನುವಾರ ನನ್ನ ಮನೆಗೆ ಹಳೆಯ ಹಾಡು ಕೇಳಲು ಇಬ್ಬರು ಮೂವರು ಸ್ನೇಹಿತರು ಬರುತ್ತಿದ್ದರು. ಒಂದು ದಿನ ಅವರಲ್ಲೊಬ್ಬ, ನಿವೃತ್ತ ಮೇಷ್ಟ್ರು, ಕಾಫಿ ಲೋಟ ಕೆಳಗಿಟ್ಟು, "ಏನಪ್ಪ, ನಿನ್ ಸೆಟ್ಟಿಗೆ ನೆಗಡಿ ಬಂದೈತಲ್ಲ. ಕಷಾಯ ಕುಡಿಸು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವತ್ತು ಊಟ ಸೇರಲಿಲ್ಲ.

ಪೆಟ್ಟಿಗೆಯಲ್ಲಿ ಉಳಿದಿದ್ದ ವಾಲ್ವುಗಳು ಎಂದೋ ಮುಗಿದಿದ್ದವು. ಹೊಸದನ್ನು ಹುಡುಕಿ ಹಿರಿಯೂರಿಗೆ ಹೋದೆ. ಅಲ್ಲಿ ನನಗೆ ಗೊತ್ತಿದ್ದ ರೇಡಿಯೊ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ತೂಗುಹಾಕಿದ್ದರು. ಅಂಗಡಿಯವನು, "ವಾಲ್ವಾ? ಬೋರ್‌ವೆಲ್ ಅಂಗಡಿ ಮುಂದ್ಗಡೆ ಐತೆ ನೋಡ್ರಿ ಅಜ್ಜ" ಅಂದ. ವಾಪಸ್ಸು ಬರುವ ಬಸ್ಸಿನಲ್ಲಿ ಭಾವನ ಸೆಟ್ಟಿನ ನೆನಪಾಯಿತು. ಬೇಸಿಗೆಯಲ್ಲಿ ಅವರು ಮಂದೆ ಹೊಡೆದುಕೊಂಡು ಹಿರಿಯೂರು ಹತ್ತಿರದ ಆದಿವಾಲದ ಕಡೆಗೆ ತಿಂಗಳುಗಟ್ಟಲೆ ಹೋಗಿಬಿಡುತ್ತಿದ್ದರು. ವರ್ಷದಲ್ಲಿ ಅರ್ಧ ಕಾಲ ಆ ಸೆಟ್ಟು ಉರಿಯುತ್ತಲೇ ಇರಲಿಲ್ಲ. ಅದರ ವಾಲ್ವುಗಳು ಹೊಸದರ ಹಾಗೇ ಇರುತ್ತವೆ. ಕಟ್ಟಿಕೊಟ್ಟವನು ನಾನೇ ಅಲ್ಲವೇ ಅಂದುಕೊಂಡೆ. ಇನ್ನೂ ಒಂದು ಮಾತು ಅಂದುಕೊಂಡೆ: ಕುರಿ ಸದ್ದು ಕೇಳುವವನಿಗೆ ಯಾವ ವಾಲ್ವಾದರೇನು.

ಮುಂದಿನ ವಾರ ನನ್ನ ಸೆಟ್ಟಿನ ಸೋತ ವಾಲ್ವು ಜೋಡಿಯನ್ನು ಕರ್ಚೀಫಿನಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿಟ್ಟುಕೊಂಡು ಹೋದೆ. ಹಾಗಾಗಿ ಆ ಗಳಿಗೆಯಲ್ಲಿ ಬುದ್ಧಿ ಕೆಟ್ಟಿತು ಎಂದು ಹೇಳಿಕೊಳ್ಳುವಂತಿಲ್ಲ. ಭಾವ ಯಾರದೋ ತೆಂಗಿನ ತೋಟದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದರು. ಮನೆಯಲ್ಲಿ ಅಕ್ಕ ಒಬ್ಬಳೇ ರೊಟ್ಟಿ ಬಡಿಯುತ್ತಿದ್ದಳು.

"ಸೆಟ್ಟಿಂದು ಧೂಳು ತೆಗೀತೀನಿ ಅಕ್ಕ" ಅಂದೆ.

"ತೆಗಿಯಪ್ಪ. ನೀನು ಮುಟ್ಟಿದ್ರೆ ಅದುಕ್ಕೆ ಆಯಸ್ಸು. ನಿಮ್ ಭಾವ ಅದನ್ನ ನನಗಿಂತ ಚೆನ್ನಾಗಿ ನೋಡ್ಕಂತಾರೆ" ಅಂದಳು.

ಹಿಂದಿನ ಮುಚ್ಚಳ ಬಿಚ್ಚಿದೆ. ದೊಡ್ಡ ವಾಲ್ವು ಎರಡನ್ನೂ ಮೆಲ್ಲಗೆ ಅಲುಗಾಡಿಸಿ ನೆಟ್ಟಗೆ ಮೇಲಕ್ಕೆ ಎತ್ತಿದೆ. ತಿರುಚಿದರೆ ಪಿನ್ನು ಬಾಗುತ್ತದೆ. ನನ್ನವನ್ನು ಕೂರಿಸಿದೆ. ಭಾವನವನ್ನು ಕರ್ಚೀಫಿನಲ್ಲಿ ಸುತ್ತಿ ಡಬ್ಬಿಗೆ ಹಾಕಿದೆ. ಒಂದು ರೊಟ್ಟಿ ಬೇಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಕ್ಕ ಬಿಸಿ ರೊಟ್ಟಿಯನ್ನು ತಂದು ತಟ್ಟೆಗೆ ಹಾಕಿದಳು. ತಿಂದೆ.

ಸಂಜೆ ಭಾವ ಬಂದು ಕಾಲು ತೊಳೆದುಕೊಂಡು ಎಂದಿನಂತೆ ಕ್ಯಾಸೆಟ್ಟು ಹಾಕಿದರು. ಟಗರು ಬಂತು ಅಂದರು. ಕರೀದು ಬಂತು ಅಂದರು. ಆಮೇಲೆ ಕಿವಿಯನ್ನು ಸೆಟ್ಟಿನ ಹತ್ತಿರಕ್ಕೆ ತಂದರು. ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ಹಾಕಿದರು.

"ಕುಂಟಿ ಬರ್ಲಿಲ್ಲ" ಅಂದರು.

"ಎಲ್ಲೋ ಬೇಲಿ ಮೇಯ್ತಿರ್ಬೇಕು, ಬತ್ತಾಳೆ ಬಿಡ್ರಿ" ಅಕ್ಕ ಒಳಗಿನಿಂದ ಹಾಸ್ಯ ಮಾಡಿದಳು.

ಭಾವ ನಗಲಿಲ್ಲ. "ಏನಪ್ಪ, ಸೆಟ್ಟಿಗೇನಾರ ಆಗೈತಾ? ದನಿ ಎಲ್ಲಾ ಕಂಬ್ಳಿ ಹೊದ್ದಂಗೈತೆ."

ಆಗ ನಿಜ ಹೇಳಬಹುದಿತ್ತು. ನಿಜ ಹೇಳದೆಯೂ, ಹೌದು ವಾಲ್ವು ಸೋತಿರಬೇಕು ಅಂದಿದ್ದರೂ ಸಾಕಾಗಿತ್ತು. ಆದರೆ ಹಾಗೆಂದರೆ ಅವರು ಮುಚ್ಚಳ ಬಿಚ್ಚಿಸಿ ನೋಡುತ್ತಾರೆ ಅನ್ನಿಸಿತು. "ಏನೂ ಆಗಿಲ್ಲ ಭಾವ. ನಂಗೆ ಚೆನ್ನಾಗೇ ಕೇಳ್ತಾ ಐತಲ್ಲ, ಸಣ್ ಗಂಟೆ" ಅಂದೆ.

ನನಗೂ ಕೇಳಿಸಿರಲಿಲ್ಲ.

ಭಾವ ಅಕ್ಕನನ್ನು ಕರೆದು ಕೇಳಿಸಿದರು. "ನಂಗೆ ಅವೆಲ್ಲಾ ಯಾವತ್ತೂ ಒಂದೇ. ಅವನೇ ಹೇಳ್ತಾನಲ್ಲ, ಕಟ್ಟಿದೋನು" ಅಂದಳು. ಭಾವ ಕಿರುಬೆರಳನ್ನು ಕಿವಿಯೊಳಗೆ ಹಾಕಿ ಆಡಿಸಿದರು. ಬಲಗಿವಿ, ಆಮೇಲೆ ಎಡಗಿವಿ. "ಹಂಗಾದ್ರೆ ನನ್ ಕಿವೀನೇ" ಅಂದರು.

ಅಲ್ಲಿಗೂ ಬಿಡಲಿಲ್ಲ ನಾನು. "ವಯಸ್ಸಾತಲ್ಲ ಭಾವ. ಮೊದ್ಲು ಹೋಗೋವು ಸಣ್ ದನಿಗಳೇ" ಅಂದೆ. ಆ ಮಾತು ಸಾಮಾನ್ಯವಾಗಿ ನಿಜ. ಸುಳ್ಳನ್ನು ನಿಲ್ಲಿಸಲು ನನ್ನ ಕಸುಬಿನಿಂದ ಒಂದು ನಿಜವನ್ನು ತಂದು ಆನಿಸಿದೆ.

ಭಾವನ ವಾಲ್ವುಗಳು ನನ್ನ ಸೆಟ್ಟಿನಲ್ಲಿ ಚೆನ್ನಾಗಿ ಹಾಡಿದವು. ಮೇಷ್ಟ್ರು, "ಕಷಾಯ ಕೆಲಸ ಮಾಡ್ತು" ಅಂದ. ತಪ್ಪಿತಸ್ಥನಿಗೆ ಸುಖವಿರಲಿಲ್ಲ ಎಂದು ಬರೆದರೆ ಸುಳ್ಳಾದೀತು. ಮೂರು ನಾಲ್ಕು ತಿಂಗಳು ನಾನು ಸುಖವಾಗಿಯೇ ಕೇಳಿದೆ.

ಅಕ್ಕ ಫೋನು ಮಾಡುತ್ತಿದ್ದಳು. ಗಂಟೆ ಆರಿಸಲು ಬಂದವರನ್ನು ಭಾವ ವಾಪಸ್ಸು ಕಳಿಸಿದರಂತೆ. "ನನ್ ಕಿವಿ ಹೋಗೈತೆ, ಬ್ಯಾರೇರನ್ನ ಕರ್ಕಂಡೋಗ್ರಿ" ಅಂದರಂತೆ. ಮಂದೆಯ ಜೊತೆ ಬಯಲಲ್ಲಿ ಇದ್ದಾಗ ಕಣ್ಣು ಮುಚ್ಚುವುದಿಲ್ಲವಂತೆ. "ದುರ್ಗದಾಗೆ ಕಿವಿ ಡಾಕ್ಟ್ರಿಗೆ ತೋರ್ಸಾಣ, ನೀನು ಜೊತೆಗೆ ಬಾ" ಅಂದಳು. ತೋರಿಸಿದರೆ ಕಿವಿ ಸರಿಯಾಗಿದೆ ಎಂದು ಡಾಕ್ಟರು ಹೇಳುತ್ತಾರೆ ಎಂಬುದು ನನಗೆ ಗೊತ್ತಿತ್ತು. ಈ ವಾರ ಡಾಕ್ಟರಿಲ್ಲ ಅಂದೆ. ಮುಂದಿನ ತಿಂಗಳು ಅಂದೆ. ಕೊನೆಗೆ, "ವಯಸ್ಸಿಗೆ ಯಾವ ಡಾಕ್ಟ್ರು ಔಷಧಿ ಕೊಡ್ತಾನಕ್ಕ" ಅಂದುಬಿಟ್ಟೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಒಂದು ಬೆಳಿಗ್ಗೆ ಚಂದ್ರವಳ್ಳಿಯ ಕಡೆ ನಡೆದು ಬರುವಾಗ ಒಂದು ಮಂದೆ ಎದುರಾಯಿತು. ಎಲ್ಲಕ್ಕಿಂತ ಹಿಂದೆ ಒಂದು ಸಣ್ಣ ಗಂಟೆ ಬರುತ್ತಿತ್ತು. ನಿಂತು ಕೇಳಿದೆ. ಮನೆಗೆ ಬಂದವನೇ ಸೆಟ್ಟಿನ ಮುಚ್ಚಳ ಬಿಚ್ಚಿ, ಜೋಡಿಯನ್ನು ಕಿತ್ತು, ಅದೇ ಕರ್ಚೀಫು, ಅದೇ ಡಬ್ಬಿ, ಹೊಳಲ್ಕೆರೆ ಮೇಲೆ ಹೋಗುವ ಹೊಸದುರ್ಗದ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ.

ಕುರಿಹಟ್ಟಿಯ ತಡಿಕೆ ತೆರೆದಿತ್ತು. ಒಳಗೆ ಒಂದು ಕುರಿಯೂ ಇರಲಿಲ್ಲ. ಭಾವ ಜಗುಲಿಯ ಮೇಲೆ ಕೂತಿದ್ದರು. ಅವರ ಮುಂದೆ ಗೋಣಿಚೀಲದ ಮೇಲೆ ಆರು ಗಂಟೆಗಳಿದ್ದವು.

"ಬಾರಪ್ಪ, ಕುಂತ್ಕ" ಅಂದರು. "ಹೋದ ಸಂತೇಲಿ ಕೊಟ್ಬಿಟ್ಟೆ. ಕುರಿ ಕೊಟ್ರೂ ಗಂಟೆ ಕೊಡಬಾರ್ದು ನೋಡು, ಬಿಚ್ಕಂಡೆ."

"ಯಾಕೆ ಭಾವ?"

"ಯಾಕೇನು? ತೋಳ ಬಂದಿದ್ದು ಕೇಳಿಸ್ದೇ ಹೋದ್ರೆ? ನಮ್ಮವೊಂದೇ ಆಗಿದ್ರೆ ಎಂಗೋ ಆಗ್ತಿತ್ತು. ನಾಕು ಮನೆಯೋರು ನನ್ ಕಿವಿ ನಂಬ್ಕಂಡು ಅವರ ಕುರೀನೂ ನನ್ ಜೊತೆ ಬಿಟ್ಟಿದ್ರು."

ಅವರು ಸಣ್ಣ ಗಂಟೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಆಡಿಸಿದರು. "ಹತ್ರ ಹಿಡಿದ್ರೆ ಚೆನ್ನಾಗೇ ಕೇಳ್ತೈತೆ" ಅಂದರು. ಯಾರೋ ತಮಗೆ ದೊಡ್ಡ ರಿಯಾಯಿತಿ ಮಾಡಿದ್ದಾರೆ ಎನ್ನುವ ಹಾಗೆ ನನ್ನನ್ನು ನೋಡಿ ನಕ್ಕರು.

ಬಾಯಿಪಾಠ ಮಾಡಿದ್ದ ಮಾತು ಬರಲಿಲ್ಲ. ಮಂದೆ ಇದ್ದಿದ್ದರೆ ಬರುತ್ತಿತ್ತೇನೋ. ಸೆಟ್ಟನ್ನು ಒಂದು ಸಲ ನೋಡುತ್ತೇನೆ ಅಂದೆ. ಕದ್ದು ಹಾಕಿದ್ದನ್ನು ಕದ್ದಾದರೂ ಸರಿಪಡಿಸೋಣ ಅಂತ.

"ಬ್ಯಾಡ ಬಿಡಪ್ಪ. ಕೇಳೋನ್ಗೆ ಕಿವಿ ಇಲ್ಲ, ಅದಕ್ಯಾಕೆ ಉಪಚಾರ" ಅಂದರು. ಸೆಟ್ಟಿನ ಮೇಲೆ ಅಕ್ಕನ ಹಳೆಯ ಸೀರೆ ಮುಚ್ಚಿತ್ತು. ಅದನ್ನು ತೆಗೆಯುವ ಧೈರ್ಯ ನನಗೆ ಬರಲಿಲ್ಲ. ಊಟ ಮಾಡಿದೆ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸ್ಸು ಬಂದೆ. ಒಂದು ವಾರ ಡಬ್ಬಿ ತೆರೆಯಲಿಲ್ಲ. ಆಮೇಲಿನ ಭಾನುವಾರ ಸ್ನೇಹಿತರು ಬರುವ ಮುಂಚೆ ವಾಲ್ವುಗಳನ್ನು ಮತ್ತೆ ನನ್ನ ಸೆಟ್ಟಿಗೇ ಹಾಕಿದೆ.

ಭಾವ ಎರಡು ವರ್ಷ ಜಗುಲಿಯ ಮೇಲೆ ಕೂತರು. ಯಾರಾದರೂ ಮಾತಾಡಿಸಿದರೆ ಉತ್ತರ ಹೇಳುವ ಮುಂಚೆ ಅವರ ಬಾಯಿಯನ್ನೇ ನೋಡುತ್ತಿದ್ದರಂತೆ, ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನಕ್ಕೆ. ಆಮೇಲೆ ಜ್ವರ ಬಂತು, ಹೋದರು. ಕಾರ್ಯ ಮುಗಿದ ಮೇಲೆ ಅಕ್ಕ ಸೆಟ್ಟನ್ನೂ ಆ ಕ್ಯಾಸೆಟ್ಟನ್ನೂ ನನ್ನ ಮುಂದೆ ತಂದಿಟ್ಟಳು. "ನೀನೇ ಇಟ್ಕಳಪ್ಪ" ಅಂದಳು. ಆಮೇಲೆ, "ಒಂದ್ ಮಾತು. ಅವರ ಕಿವಿ ಹೋಗಿರ್ಲಿಲ್ಲ ಕಣೋ. ಜ್ವರದಾಗೂ ನಾನು ಹಿತ್ತಲಿಂದ ಬತ್ತಿದ್ರೆ ಕಾಲುಂಗುರದ ಸದ್ದಿಗೇ 'ಬಂದ್ಯಾ' ಅಂತಿದ್ರು. ನೀನ್ ಯಾಕೆ ಹಂಗಂದೆ?" ಅಂದಳು.

"ನಂಗೇನ್ ಗೊತ್ತಕ್ಕ" ಅಂದೆ.

ಈಗ ಎರಡು ಸೆಟ್ಟೂ ನನ್ನ ಮನೆಯಲ್ಲಿವೆ. ಭಾನುವಾರ ಯಾರೂ ಬರುವುದಿಲ್ಲ. ಮೇಷ್ಟ್ರು ತೀರಿಹೋದ, ಉಳಿದವರಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ. ಭಾವನ ವಾಲ್ವುಗಳನ್ನು ಭಾವನ ಸೆಟ್ಟಿಗೆ ಹಾಕಿದ್ದೇನೆ. ಕೆಲವು ಸಂಜೆ ಆ ಕ್ಯಾಸೆಟ್ಟು ಹಾಕಿ ಕೂರುತ್ತೇನೆ. ಟಗರು ಬರುತ್ತದೆ, ಕರೀದು ಬರುತ್ತದೆ. ಸಣ್ಣ ಗಂಟೆ ಕೇಳಿಸುವುದಿಲ್ಲ. ಅಷ್ಟು ವರ್ಷ ಉರಿಸಿ ವಾಲ್ವುಗಳನ್ನು ನಾನೇ ಸೋಲಿಸಿಬಿಟ್ಟೆನೋ, ಕ್ಯಾಸೆಟ್ಟು ಸವೆಯಿತೋ, ಇಲ್ಲ ನನ್ನ ಕಿವಿಯೇ ಹೋಯಿತೋ ಗೊತ್ತಾಗುವುದಿಲ್ಲ. ಇದನ್ನು ಕೇಳಿ ಸರಿಯಾಗಿ ಹೇಳಬಲ್ಲವರು ಒಬ್ಬರೇ ಇದ್ದರು.

ಅಕ್ಕ ಇನ್ನೂ ಇದ್ದಾಳೆ. ಅವಳಿಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಇದನ್ನು ಬರೆಯುತ್ತಿದ್ದೇನೆ. ಅವಳ ಎದುರು ಕೂತು ಬಾಯಲ್ಲಿ ಹೇಳುವುದು ಈ ಜನ್ಮದಲ್ಲಿ ನನ್ನಿಂದ ಆಗುತ್ತದೆಂದು ತೋರುವುದಿಲ್ಲ. ಕೇಳಬೇಕಾಗಿದ್ದ ಕ್ಷಮೆಯಂತೂ ಅವತ್ತು ಆ ಜಗುಲಿಯ ಮೇಲೆಯೇ ಉಳಿಯಿತು. ಎದುರಿಗೇ ಕೂತು ಸಣ್ಣ ಗಂಟೆ ಆಡಿಸುತ್ತಿದ್ದವರನ್ನು ನಾನು ಕೇಳಲಿಲ್ಲ. ಅವರು ನನ್ನ ಅಕ್ಕನ ಗಂಡ, ನನ್ನ ಭಾವ.